ರಶ್ ಬ್ಯಾಂಡಿನ ಡ್ರಮ್ಮರ್ ಓದಿದ ಪುಸ್ತಕಗಳು

ನಮಸ್ಕಾರ ಎಲ್ಲರಿಗೂ. ನೀವೀಗ ನೋಡುತ್ತಿರುವುದು ಕೆನಡಾದ ಸೇಂಟ್ ಕ್ಯಾಥರಿನ್ಸ್ ಊರಿನ ಲೇಕ್‌ಸೈಡ್ ಪಾರ್ಕ್. ಎದುರಿಗೆ ಒಂಟಾರಿಯೋ ಸರೋವರ. ಕೆನಡಾದ ರಾಕ್ ಬ್ಯಾಂಡ್ ರಶ್ ಕೇಳಿ ಬೆಳೆದವರಿಗೆ ಈ ಹೆಸರು ಹೇಳಿದರೆ ಸಾಕು, ಅಲ್ವಾ? 1975ರ ಕರೆಸ್ ಆಫ್ ಸ್ಟೀಲ್ ಆಲ್ಬಮ್‌ನಲ್ಲಿ ಇದೇ ಹೆಸರಿನ ಹಾಡಿದೆ. ಬ್ಯಾಂಡಿನ ಡ್ರಮ್ಮರ್ ನೀಲ್ ಪಿಯರ್ಟ್ ಹುಡುಗನಾಗಿದ್ದಾಗ ಬೇಸಿಗೆಯಲ್ಲಿ ಇಲ್ಲೇ ಕೆಲಸ ಮಾಡುತ್ತಿದ್ದ. ಈ ಮರದ ಕುದುರೆಗಳ ತಿರುಗುಣಿ ನೋಡಿ, ಒಂದು ಸವಾರಿಗೆ ಈಗಲೂ 5 ಸೆಂಟ್ ಅಷ್ಟೇ.

ಜೊತೆಗೆ ಬಂದಿರುವ ಗೆಳೆಯರೂ ರಶ್ ಹುಚ್ಚಿನವರೇ. ಮಾತು ಎಲ್ಲಿಂದ ಶುರುವಾದರೂ ಕೊನೆಗೆ ಪುಸ್ತಕಕ್ಕೇ ಬಂದು ನಿಲ್ಲುತ್ತದೆ. 1974ರಲ್ಲಿ ನೀಲ್ ಬ್ಯಾಂಡ್ ಸೇರಿದಾಗ ಅಲ್ಲಿದ್ದ ಗೆಡ್ಡಿ ಲೀ, ಅಲೆಕ್ಸ್ ಲೈಫ್‌ಸನ್ ಇಬ್ಬರಿಗೂ ಹಾಡಿನ ಸಾಹಿತ್ಯ ಬರೆಯೋದರಲ್ಲಿ ಅಷ್ಟೇನೂ ಆಸಕ್ತಿ ಇರಲಿಲ್ಲ, ಈತ ನೋಡಿದರೆ ಸದಾ ಏನಾದರೂ ಓದುತ್ತಿರುವವ, ಹಾಗಾಗಿ ಆ ಕೆಲಸ ಡ್ರಮ್ಮರ್ ಪಾಲಿಗೆ ಬಂತು. ರಿವೆಂಡೆಲ್ ಹಾಡಿನ ಹಿಂದೆ ಟೋಲ್ಕಿನ್ ಕಾದಂಬರಿ, ಝನಡು ಹಾಡಿಗೆ ಕೋಲ್‌ರಿಜ್‌ನ ಕುಬ್ಲಾ ಖಾನ್ ಕವಿತೆ. 1976ರ 2112 ಅನ್ನೋ ಹಾಡಿನ ವಿಷಯಕ್ಕೆ ಮಾತ್ರ ನಮ್ಮಲ್ಲಿ ಜಗಳ ಗ್ಯಾರಂಟಿ, ಯಾಕಂದ್ರೆ ಅದರ ಹಿಂದೆ ಐನ್ ರ‍್ಯಾಂಡ್ ಇದ್ದಾಳೆ. ಸ್ವಾರ್ಥವೇ ಸದ್ಗುಣ ಅಂದ ಆ ಅಮೆರಿಕನ್ ಕಾದಂಬರಿಕಾರ್ತಿಯ ವಿಚಾರ ನನಗೆ ಒಗ್ಗುವುದಿಲ್ಲ. ಆದರೆ ಆ ಇಪ್ಪತ್ತು ನಿಮಿಷದ ಸಂಗೀತ ಬಿಟ್ಟಿರೋಕೂ ಆಗುವುದಿಲ್ಲ.

ನನಗೆ ತುಂಬಾ ಇಷ್ಟವಾಗುವುದು ರೆಡ್ ಬಾರ್ಕೆಟ್ಟಾ ಹಾಡು ಹುಟ್ಟಿದ ಕಥೆ. 1973ರಲ್ಲಿ ರೋಡ್ ಆಂಡ್ ಟ್ರ್ಯಾಕ್ ಅನ್ನೋ ಕಾರು ಪತ್ರಿಕೆಯಲ್ಲಿ ರಿಚರ್ಡ್ ಫಾಸ್ಟರ್ ಒಂದು ಸಣ್ಣಕಥೆ ಬರೆದಿದ್ದರು. ಮುಂದೊಂದು ಕಾಲ, ಭಾರೀ ಗಟ್ಟಿಮುಟ್ಟಾದ ಹೊಸ ಕಾರಿನವರು ಹಳೇ ಚಿಕ್ಕ ಕಾರುಗಳಿಗೆ ಬೇಕಂತಲೇ ಗುದ್ದೋಕೆ ಬರುತ್ತಾರೆ. ಆ ಕಥೆಯಲ್ಲಿದ್ದ ಹಳೇ ಕಾರು ಎಂಜಿಬಿ ಅನ್ನೋ ಪುಟ್ಟ ಬ್ರಿಟಿಷ್ ಸ್ಪೋರ್ಟ್ಸ್ ಕಾರು. ನೀಲ್ ಅದನ್ನು ಮಾವನ ಹಳ್ಳಿಮನೆಯಲ್ಲಿ ಜೋಪಾನವಾಗಿ ಮುಚ್ಚಿಟ್ಟ ಕೆಂಪು ಬಾರ್ಕೆಟ್ಟಾ, ಅಂದರೆ ಮೇಲ್ಛಾವಣಿ ಇಲ್ಲದ ಸ್ಪೋರ್ಟ್ಸ್ ಕಾರು, ಮಾಡಿದ. ಸುಮ್ನೆ ಎತ್ತಿಕೊಂಡು ಸುಮ್ಮನಾಗಲಿಲ್ಲ, ಫಾಸ್ಟರ್‌ಗಾಗಿ ಹುಡುಕಿದ, ಪತ್ರಿಕೆಯವರ ಹತ್ತಿರ ಹೊಸ ವಿಳಾಸ ಇರಲಿಲ್ಲ, ಆದರೂ 1981ರ ಮೂವಿಂಗ್ ಪಿಕ್ಚರ್ಸ್ ಆಲ್ಬಮ್‌ನಲ್ಲಿ ಕಥೆಯ ಹೆಸರು, ಬರೆದವರ ಹೆಸರು ಎರಡನ್ನೂ ಅಚ್ಚು ಹಾಕಿಸಿದ. 2007ರಲ್ಲಿ ಕೊನೆಗೂ ಇಬ್ಬರೂ ಸಿಕ್ಕರು, ಒಟ್ಟಿಗೆ ಬೈಕ್ ಓಡಿಸಿದರು! ಹೀಗೆ ಋಣ ನೆನೆಯುವ ಓದುಗ ಅವನು.

ಅಗೋ, ಆ ಮಂಟಪಕ್ಕೆ ಈಗ ನೀಲ್ ಹೆಸರೇ ಇದೆ. ಅವನು ತೀರಿಕೊಂಡದ್ದು 2020ರ ಜನವರಿ 7ರಂದು.

ಇಲ್ಲಿಗೆ ಬಂದರೆ ನನಗೆ ನೆನಪಾಗೋದು 1982ರ ಲೂಸಿಂಗ್ ಇಟ್ ಹಾಡು. ಕಾಲು ಸೋತ ನರ್ತಕಿ, ಬರೆಯೋಕೇ ಆಗದ ಬರಹಗಾರ. ಆ ಬರಹಗಾರನಲ್ಲಿ ಅಮೆರಿಕದ ಕಾದಂಬರಿಕಾರ ಹೆಮಿಂಗ್ವೇ ಕಾಣುತ್ತಾನೆ. ಬೆನ್ ಮಿಂಕ್ ವಯಲಿನ್ ಕೇಳುತ್ತಿದ್ದರೆ ಗಂಟಲು ಕಟ್ಟುತ್ತದೆ. ಈ ಹಾಡನ್ನು ವೇದಿಕೆ ಮೇಲೆ ನುಡಿಸಿದ್ದು 2015ರ ಕೊನೇ ಪ್ರವಾಸದಲ್ಲಿ ಮಾತ್ರ. ಲೂಸಿಂಗ್ ಇಟ್‌ನವರ ಪಾಡು ತನಗೆ ಬರೋದಕ್ಕಿಂತ ಡ್ರಮ್ಸ್ ಪಕ್ಕಕ್ಕಿಡೋದೇ ಮೇಲು ಅನ್ನೋ ಅರ್ಥದಲ್ಲಿ ನೀಲ್ ಅದೇ ವರ್ಷ ಬರೆದ. ಹಾಡು ಬರೆದಾಗ ಅವನಿಗೆ ಇನ್ನೂ 30 ತುಂಬಿರಲಿಲ್ಲ.