ಜೈಲಲ್ಲಿ ಕಟ್ಟಿದ ರಾಖಿ

ಕೇಳುಗರೆಲ್ಲರಿಗೂ ನಮಸ್ಕಾರ. ಇವತ್ತು ಸಿಸ್ಟರ್ ರಾಣಿ ಮರಿಯಾ ಅವರ ಬಗ್ಗೆ ನಾಲ್ಕು ಮಾತು ಹೇಳ್ಬೇಕು ಅಂತ ಬಂದಿದೀನಿ, ಅದಕ್ಕಿಂತ ಹೆಚ್ಚಾಗಿ ಅವರನ್ನ ಕೊಂದವನ ಬಗ್ಗೆ.

ರಾಣಿ ಮರಿಯಾ ಕೇರಳದ ಪುಲ್ಲುವಳಿ ಊರಿನ ಹೆಣ್ಣುಮಗಳು. ಕನ್ಯಾಸ್ತ್ರೀ ಆಗಿ ಮಧ್ಯಪ್ರದೇಶಕ್ಕೆ ಹೋದ್ರು, ಕೊನೆಗೆ ಉದಯನಗರ ಅನ್ನೋ ಕಡೆ ಆದಿವಾಸಿಗಳ ನಡುವೆ ನೆಲೆ ನಿಂತ್ರು. ಅಲ್ಲಿನ ಬಡವರು ಬಡ್ಡಿ ಸಾಹುಕಾರರ ಕೈಯಲ್ಲಿ ಸಿಕ್ಕಿಹಾಕ್ಕೊಂಡಿದ್ರು, ಒಂದ್ಸಲ ಸಾಲ ಮಾಡಿದ್ರೆ ಮಕ್ಕಳ ಕಾಲಕ್ಕೂ ತೀರದು ಅನ್ನೋ ಥರ. ಸಿಸ್ಟರ್ ಅವರನ್ನೆಲ್ಲ ಒಟ್ಟುಗೂಡಿಸಿ ಸಂಘ ಕಟ್ಟಿದ್ರು, ಬ್ಯಾಂಕ್ ಸಾಲ ಹೇಗೆ ತಗೋಬೇಕು, ಸರ್ಕಾರದಿಂದ ಏನೇನು ಬರಬೇಕು ಅಂತ ಹೇಳ್ಕೊಟ್ರು. ದೇವರು ಮನುಷ್ಯನನ್ನ ತನ್ನದೇ ಹೋಲಿಕೆಯಲ್ಲಿ ಮಾಡಿದ ಅಂತ ಬೈಬಲ್ಲಿನ ಆದಿಕಾಂಡದಲ್ಲಿದೆ. ಅದನ್ನ ಪೀಠದ ಮೇಲೆ ನಿಂತು ಹೇಳೋದು ಬೇರೆ, ಸಾಲದ ಪತ್ರ ಕೈಲಿ ಹಿಡ್ಕೊಂಡು ಹೇಳೋದು ಬೇರೆ. ಇವರು ಎರಡನೇದನ್ನ ಮಾಡಿದ್ರು, ಅದಕ್ಕೇ ಶತ್ರುಗಳು ಹುಟ್ಟಿದ್ರು.

1995ರ ಫೆಬ್ರವರಿ 25. ಊರಿಗೆ ಹೋಗೋಕೆ ಅಂತ ಬೆಳಿಗ್ಗೆ ಇಂದೋರ್ ಬಸ್ ಹತ್ತಿದ್ರು. ದಾರೀಲಿ, ಜನ ತುಂಬಿದ ಬಸ್ಸಿನಲ್ಲೇ, ಸಮಂದರ್ ಸಿಂಗ್ ಅನ್ನೋ ಯುವಕ ಚಾಕು ತೆಗೆದ. ಮೈಮೇಲೆ ಐವತ್ತಕ್ಕೂ ಹೆಚ್ಚು ಗಾಯ. ಯೇಸು, ಯೇಸು ಅಂತಾನೇ ಪ್ರಾಣ ಬಿಟ್ರು. 41 ವಯಸ್ಸು ಅಷ್ಟೇ.

ಸಮಂದರನಿಗೆ ಜೀವಾವಧಿ ಶಿಕ್ಷೆ ಆಯ್ತು. ಜೈಲಲ್ಲಿ ಕೂತು ಅವನು ಏನ್ ಯೋಚನೆ ಮಾಡ್ತಿದ್ದ ಅಂದ್ರೆ, ಹೊರಗೆ ಬಂದು ನನ್ನನ್ನ ಈ ಕೆಲಸಕ್ಕೆ ಹಚ್ಚಿದವನನ್ನ ಮುಗಿಸ್ಬೇಕು ಅಂತ. ಸ್ವಾಮಿ ಸದಾನಂದ ಅಂತ ಒಬ್ಬ ಪಾದ್ರಿ ಅವನನ್ನ ನೋಡೋಕೆ ಹೋದ್ರು, ನಿಧಾನಕ್ಕೆ ಅವನ ಮನಸ್ಸು ಕರಗಿಸಿದ್ರು. ಆಮೇಲೆ 2002ರಲ್ಲಿ ರಾಣಿ ಮರಿಯಾ ಅವರ ಒಡಹುಟ್ಟಿದ ತಂಗಿ, ಸಿಸ್ಟರ್ ಸೆಲ್ಮಿ, ಅವರೂ ಕನ್ಯಾಸ್ತ್ರೀನೇ, ಜೈಲಿಗೆ ಹೋಗಿ ಅವನ ಕೈಗೆ ರಾಖಿ ಕಟ್ಟಿದ್ರು. ಅಕ್ಕನಿಗೆ ಇರಿದ ಅದೇ ಕೈ. ಎಷ್ಟೋ ಸಲ ಇದನ್ನ ನೆನೆಸ್ಕೊಂಡಿದೀನಿ, ಆ ದಾರದ ಗಂಟು ಹಾಕುವಾಗ ಸಿಸ್ಟರ್ ಸೆಲ್ಮಿ ಅವರ ಬೆರಳು ನಡುಗಿರಲ್ವಾ ಅಂತ.

ಹಾಗಾದ್ರೆ ಕೊಲೆ ಮಾಡಿದವನಿಗೆ ಶಿಕ್ಷೆನೇ ಬೇಡ್ವಾ ಅಂತ ನೀವು ಕೇಳ್ಬೋದು, ಕೇಳ್ಲೇಬೇಕು. ಶಿಕ್ಷೆ ಆಯ್ತಲ್ಲ, 11 ವರ್ಷ ಒಳಗಿದ್ದ. 2006ರಲ್ಲಿ ಅವನು ಬಿಡುಗಡೆ ಆಗಿದ್ದು ಸಿಸ್ಟರ್ ಮನೆಯವರೂ ಚರ್ಚಿನವರೂ ಅವನ ಪರವಾಗಿ ಕೇಳ್ಕೊಂಡಿದ್ದಕ್ಕೆ. ಕೊಲೆ ಕೊಲೆ ಅಲ್ಲ ಅಂತ ಅವರು ಯಾರೂ ಹೇಳ್ಲಿಲ್ಲ. ಆ ಕೊಲೆನೇ ಇವನ ಪೂರ್ತಿ ಹೆಸರು ಅಂತ ಒಪ್ಪೋಕೆ ಮಾತ್ರ ತಯಾರಿರ್ಲಿಲ್ಲ.

ಬೈಬಲ್ಲಲ್ಲಿ ಮೊದಲನೇ ಕೊಲೆಗಾರ ಕಾಯಿನ, ತಮ್ಮ ಹೇಬೆಲನನ್ನ ಹೊಲಕ್ಕೆ ಕರ್ಕೊಂಡು ಹೋಗಿ ಕೊಂದವನು. ದೇವರು ಅವನನ್ನ ಊರುಬಿಡಿಸಿ ಅಲೆಯೋ ಹಾಗೆ ಮಾಡ್ತಾನೆ, ಅದು ಶಿಕ್ಷೆ, ಆದ್ರೆ ಜೊತೆಗೇ ಅವನ ಮೈಮೇಲೆ ಒಂದು ಗುರುತು ಇಡ್ತಾನೆ, ಕಂಡವರು ಯಾರೂ ಇವನನ್ನ ಕೊಲ್ಲಬಾರದು ಅಂತ. ಚಿಕ್ಕಂದಿನಲ್ಲಿ ಆ ಗುರುತು ಅವಮಾನದ್ದು ಅಂದ್ಕೊಂಡಿದ್ದೆ. ದೊಡ್ಡವನಾದ್ಮೇಲೆ ಓದಿದಾಗ ಗೊತ್ತಾಯ್ತು ಅದು ಕಾವಲು ಅಂತ.

ನನ್ನ ಮಾತೂ ಹೇಳ್ಬಿಡ್ತೀನಿ. ಜಮೀನು ಪಾಲಾದಾಗ ನನಗೆ ಮೋಸ ಮಾಡಿದ ದೊಡ್ಡಪ್ಪನ ಮಗನ ಜೊತೆ ನಾನು ವರ್ಷಗಟ್ಟಲೆ ಮಾತಾಡಿಲ್ಲ, ದಿನಾ ರಾತ್ರಿ ಮಕ್ಕಳ ಜೊತೆ ಕೂತು, ನಮಗೆ ತಪ್ಪು ಮಾಡಿದವರನ್ನ ನಾವು ಕ್ಷಮಿಸೋ ಹಾಗೆ ನಮ್ಮನ್ನೂ ಕ್ಷಮಿಸು ಅಂತ ಪ್ರಾರ್ಥನೆ ಮಾತ್ರ ಬಾಯ್ತುಂಬ ಹೇಳ್ತೀನಿ. ಸ್ವಲ್ಪ ನಿಂತು ಯೋಚಿಸಿದ್ರೆ ಭಯ ಆಗತ್ತೆ, ಯಾಕಂದ್ರೆ ಆ ಲೆಕ್ಕದಲ್ಲಿ ನನಗೇ ಕ್ಷಮೆ ಬೇಡ ಅಂತ ನಾನೇ ಕೇಳ್ಕೊಂಡ ಹಾಗಾಯ್ತು. ಅವನ ಹೆಸರು ಬಂದ್ರೆ ನನಗೆ ಆ ಮೋಸ ಒಂದೇ ನೆನಪಾಗತ್ತೆ. ಈಜು ಕಲಿಸಿದ್ದೂ ಅವನೇ, ಅದು ನೆನಪಾಗಲ್ಲ.

ಬಿಡುಗಡೆ ಆದ್ಮೇಲೆ ಸಮಂದರ್ ಪುಲ್ಲುವಳಿಗೆ ಹೋದ, ಸಿಸ್ಟರ್ ತಂದೆತಾಯಿನ ಕಂಡು ಕ್ಷಮೆ ಕೇಳೋಕೆ. ಆ ತಾಯಿ ಅವನ ಕೈ ಹಿಡಿದು ಮುತ್ತಿಟ್ರು. ತನ್ನ ಮಗಳ ರಕ್ತ ತಾಕಿದ ಕೈ ಇದು, ಅದಕ್ಕೇ ಮುತ್ತಿಡ್ತೀನಿ ಅನ್ನೋ ಅರ್ಥದಲ್ಲಿ ಹೇಳಿದ್ರಂತೆ. 2017ರ ನವೆಂಬರ್ 4ಕ್ಕೆ ಇಂದೋರ್‌ನಲ್ಲಿ ರಾಣಿ ಮರಿಯಾ ಅವರನ್ನ ಪುನೀತೆ ಅಂತ, ಅಂದ್ರೆ ಸಂತ ಪದವಿಗೆ ಒಂದು ಮೆಟ್ಟಿಲು ಹಿಂದಿನ ಗೌರವ, ಘೋಷಣೆ ಮಾಡಿದಾಗ ಸಮಂದರನೂ ಆ ಜನದ ನಡುವೆ ಇದ್ದ. ಉದಯನಗರದಲ್ಲಿರೋ ಅವರ ಸಮಾಧಿಗೆ ಅವನು ಆಗಾಗ ಹೋಗಿ ಬರ್ತಾನೆ.

ಕೇಳಿದ್ದಕ್ಕೆ ವಂದನೆಗಳು, ನಮಸ್ಕಾರ.