ಮುದ್ದೆ ತಿಂದ್ರೆ ಶುಗರ್ ಏರಲ್ವಾ? ಕಾರ್ಬೋಹೈಡ್ರೇಟ್ ಲೆಕ್ಕ ಮಂಡ್ಯ ಊಟದಲ್ಲಿ

ನಮಸ್ಕಾರ ಕಣ್ರಪ್ಪ ಎಲ್ರಿಗೂ. ಮಂಡ್ಯ ಕಡೆ ಯಾರ್ ಮನೆಗೋದ್ರೂ ಈ ಮಾತು ಕೇಳ್ತೀರ, ಶುಗರ್ ಬಂದೈತೆ, ಅನ್ನ ಕಮ್ಮಿ ಮಾಡಿ ಅಂದವ್ರೆ, ಅದಕ್ಕೇ ಈಗ ಎರಡೊತ್ತೂ ಮುದ್ದೆನೇ, ಮುದ್ದೆಗೇನ್ ಲೆಕ್ಕ ಇಲ್ಲ ಬುಡಿ ಅಂತ. ಲೆಕ್ಕ ಐತೆ, ಇವತ್ತು ಅದನ್ನೇ ನೋಡಣ.

(ಸ್ಕ್ರೀನ್ ಮೇಲೆ: ಅಕ್ಕಿ, ರಾಗಿ ಹಿಟ್ಟು, ಅಚ್ಚು ಬೆಲ್ಲ)

ಈ ಮೂರರಲ್ಲೂ ಜಾಸ್ತಿ ಇರೋದು ಕಾರ್ಬೋಹೈಡ್ರೇಟೇ. ಹೈದರಾಬಾದಿನ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ನ್ಯೂಟ್ರಿಷನ್‌ನೋರು 2017ರಲ್ಲಿ ತಂದ ಟೇಬಲ್ ಪ್ರಕಾರ 100 ಗ್ರಾಂ ಪಾಲಿಶ್ ಅಕ್ಕೀಲಿ ಸುಮಾರು 78 ಗ್ರಾಂ ಕಾರ್ಬ್ಸ್, ರಾಗೀಲಿ ಸುಮಾರು 67. ಭಾರೀ ವ್ಯತ್ಯಾಸ ಏನಿಲ್ಲ ನೋಡಿ. ವ್ಯತ್ಯಾಸ ಇರೋದು ನಾರಲ್ಲಿ, ರಾಗೀಲಿ 11 ಗ್ರಾಂ ಹತ್ರ ಐತೆ, ಅಕ್ಕೀಲಿ 3 ಗ್ರಾಮೂ ಇಲ್ಲ.

ಅನ್ನ, ಮುದ್ದೇಲಿರೋ ಪಿಷ್ಟ ಅಂದ್ರೆ ಗ್ಲೂಕೋಸ್ (ರಕ್ತದಲ್ಲಿ ಶುಗರ್ ಅಂತ ಅಳೆಯೋದು ಇದನ್ನೇ) ಒಂದಕ್ಕೊಂದು ಅಂಟ್ಕೊಂಡು ಆಗಿರೋ ಉದ್ದನೆ ಸರ. ಸಕ್ಕರೇಲಿ ಒಂದು ಗ್ಲೂಕೋಸು ಒಂದು ಫ್ರಕ್ಟೋಸು, ಅಷ್ಟೇ, ಅದಕ್ಕೇ ಬೇಗ ಒಡೆಯುತ್ತೆ. ನಾರೂ ಕಾರ್ಬೋಹೈಡ್ರೇಟೇ, ಆದ್ರೆ ಅದನ್ನ ಕತ್ತರಿಸೋ ಎನ್‌ಜೈಮ್ ನಮ್ಮತ್ರ ಇಲ್ಲ, ಸೀದಾ ದೊಡ್ಡ ಕರುಳಿಗೆ ಹೋಗಿ ಅಲ್ಲಿರೋ ಬ್ಯಾಕ್ಟೀರಿಯಾಗೆ ಊಟ ಆಗುತ್ತೆ.

ಈಗ ಒಂದು ತಮಾಷೆ. ಪಿಷ್ಟ ಒಡೆಯೋ ಅಮೈಲೇಸ್ ಅನ್ನೋ ಎನ್‌ಜೈಮ್ ಎಂಜಲಲ್ಲೇ ಐತೆ, ಬಾಯಲ್ಲೇ ಕೆಲಸ ಶುರು, ಆದ್ರೆ ನಾವು ಮುದ್ದೆನ ಅಗಿಯಲ್ವಲ್ಲ, ಸಾರಲ್ಲಿ ಅದ್ದಿ ಗುಳುಂ ಅಂತ ನುಂಗೋದೆ, ಅಗಿದ್ರೆ ಮನೇಲಿ ಅಜ್ಜಿ ಬೈತಾರೆ. ಹಂಗಂತ ಮುದ್ದೆ ಜೀರ್ಣ ಆಗದೆ ಉಳಿಯಲ್ಲ, ಮೇದೋಜೀರಕ ಗ್ರಂಥಿ ಸಣ್ಣ ಕರುಳಿಗೆ ಇನ್ನಷ್ಟು ಅಮೈಲೇಸ್ ಬಿಡುತ್ತೆ, ಜಾಸ್ತಿ ಕೆಲಸ ಆಗೋದು ಅಲ್ಲೇ. ಅದೂ ಅಲ್ದೆ ನುಣ್ಣಗೆ ಬೀಸಿ ಚೆನ್ನಾಗಿ ಬೇಯ್ಸಿದ ಹಿಟ್ಟು ಸಲೀಸಾಗಿ ಒಡೆಯುತ್ತೆ, ಹಂಗಾಗಿ ಮುದ್ದೆ ತಿಂದ್ರೂ ರಕ್ತದಲ್ಲಿ ಶುಗರ್ ಏರೇ ಏರುತ್ತೆ.

ಹಂಗಾದ್ರೆ ಕಾರ್ಬ್ಸೇ ಬಿಟ್ಬಿಡಣ ಅಂತೀರಾ? ಬೇಡ. ಒಂದು ಗ್ರಾಂಗೆ 4 ಕ್ಯಾಲೋರಿ ಶಕ್ತಿ ಕೊಡುತ್ತೆ, ಮಿದುಳೊಂದೇ ದಿನಕ್ಕೆ ಸುಮಾರು 120 ಗ್ರಾಂ ಗ್ಲೂಕೋಸ್ ಖರ್ಚು ಮಾಡುತ್ತೆ. ಹೆಚ್ಚಾಗಿದ್ದನ್ನ ಇನ್ಸುಲಿನ್ ಅನ್ನೋ ಹಾರ್ಮೋನ್ ಬಂದು ಲಿವರ್ರು, ಮಾಂಸಖಂಡಗಳಲ್ಲಿ ಗ್ಲೈಕೋಜನ್ ಮಾಡಿ ಕೂಡಿಡ್ಸುತ್ತೆ, ಆದ್ರೆ ಅಲ್ಲಿ ಜಾಗ ಕಮ್ಮಿ, ಲಿವರ್‌ನಲ್ಲಿ 100 ಗ್ರಾಂ ಆಸುಪಾಸು, ಮಾಂಸಖಂಡದಲ್ಲಿ 400 ಅಂದ್ಕೊಳಿ. ಬೆಳಗಿಂದ ಗದ್ದೇಲಿ ನಾಟಿ ಹಾಕೋರಿಗೆ ಅದು ಖಾಲಿ ಆಗ್ತಾನೇ ಇರುತ್ತೆ, ಎರಡು ಮುದ್ದೆ ಉಂಡ್ರೂ ನಡೆಯುತ್ತೆ. ಮೈಸೂರಲ್ಲಿ ಕಂಪ್ಯೂಟರ್ ಮುಂದೆ ಕೂತಿರೋ ಮಗನೂ ಅದೇ ಎರಡು ಮುದ್ದೆ ಉಂಡ್ರೆ ಮಿಕ್ಕಿದ್ದು ಹೊಟ್ಟೆ ಸುತ್ತ ಕೊಬ್ಬೇ.

ಇನ್ನು ಬೆಲ್ಲ. ನಮ್ಮೂರ್ ಬೆಲ್ಲನ ಬೈಯಕ್ಕೆ ನಂಗೂ ಮನಸ್ಸಿಲ್ಲ, ಆದ್ರೆ ಸಕ್ಕರೆ ಬದ್ಲು ಬೆಲ್ಲ ಹಾಕಿದ್ರೆ ಏನೂ ಆಗಲ್ಲ ಅನ್ನೋದು ಸುಳ್ಳು, ಅದ್ರಲ್ಲೂ ಬಹುಪಾಲು ಅದೇ ಸಕ್ಕರೆ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ್ದು, ಈ ಥರ ಸಿಹಿ ದಿನದ ಶಕ್ತೀಲಿ 10 ಪರ್ಸೆಂಟ್ ಒಳಗಿರ್ಲಿ ಅಂತ, 2000 ಕ್ಯಾಲೋರಿ ಊಟ ಅಂದ್ರೆ 50 ಗ್ರಾಂ. ದೊಡ್ಡ ಲೋಟ ಕಬ್ಬಿನ ಹಾಲು ಕುಡಿದ್ರೆ ಅರ್ಧಕ್ಕಿಂತ ಜಾಸ್ತಿ ಅಲ್ಲೇ ಮುಗೀತು.

ಮಾಡೋದಿಷ್ಟೇ, ಮುದ್ದೆ ಒಂದಕ್ಕೆ ಇಳಿಸಿ, ಬಸ್ಸಾರಿನ ಸೊಪ್ಪು ಕಾಳಿನ ಪಲ್ಯ ಎರಡ್ಪಟ್ಟು ಹಾಕ್ಕೊಳಿ. ಆದ್ರೆ ಶುಗರ್ ಮಾತ್ರೆನೋ ಇನ್ಸುಲಿನ್ನೋ ತಗೊಳ್ಳೋರು ಡಾಕ್ಟ್ರಿಗೆ ಹೇಳ್ದೆ ಊಟ ಏಕ್‌ದಂ ಕಮ್ಮಿ ಮಾಡ್ಬೇಡಿ, ಶುಗರ್ ಇಳಿದು ತಲೆ ಸುತ್ತಿ ಬಿದ್ದೀರ.