ಸಾರಥಿ ಕೇಳುವ ಪ್ರಶ್ನೆ

ಕೇಳುಗರೆ, ನಮಸ್ಕಾರ.

ಗದಗ ಸೀಮೆಯ ಹಳ್ಳಿಗಳಲ್ಲಿ ರಾತ್ರಿಯಿಡೀ ನಡೆಯುವ ಬಯಲಾಟವಾದ ದೊಡ್ಡಾಟ ನೋಡಿದವರಿಗೆ ಈ ಸನ್ನಿವೇಶ ನೆನಪಿರುತ್ತದೆ. ಕಿರೀಟ, ಭುಜಕೀರ್ತಿ ಕಟ್ಟಿಕೊಂಡ ರಾಜವೇಷದವನು ಅಟ್ಟ, ಅಂದರೆ ಆಟದ ರಂಗ, ಅದುರುವಂತೆ ಕುಣಿಯುತ್ತ ಬಂದು ನಿಂತಾಗ ಆಟ ನಡೆಸಿಕೊಡುವ ಸಾರಥಿ ಅವನನ್ನು ಕೇಳುತ್ತಾನೆ: “ತಾವು ಧಾರು? ತಮ್ಮ ನಾಮಾಂಕಿತವೇನು?” ಅವನು ಯಾರೆಂಬುದು ಕೆಳಗೆ ಕುಳಿತವರಿಗೆಲ್ಲ ಗೊತ್ತು; ಅಂದು ಬೆಳಿಗ್ಗೆ ಅವನು ಎತ್ತುಗಳನ್ನು ಕೆರೆಗೆ ಹೊಡೆದುಕೊಂಡು ಹೋದದ್ದನ್ನು ಅವರು ಕಂಡಿದ್ದಾರೆ. ಆದರೂ ಸಾರಥಿ ಕೇಳಲೇಬೇಕು, ವೇಷದವನು ತನ್ನ ಕುಲ, ರಾಜ್ಯ, ಪರಾಕ್ರಮಗಳನ್ನು ಬಾಯಿತುಂಬ ಹೇಳಿಕೊಳ್ಳಲೇಬೇಕು. ಹೇಳಿ ಮುಗಿಸಿದ ಮೇಲೆಯೇ ಅವನು ರಾಜನಾಗುವುದು.

ನಾಟಕವು ತಾನು ನಾಟಕವೆಂಬುದನ್ನು ತಾನೇ ಎತ್ತಿ ಆಡುವ ಈ ಬಗೆಗೆ ವಿಮರ್ಶಕರು ಮೆಟಾಡ್ರಾಮಾ ಎನ್ನುತ್ತಾರೆ. ಇದಕ್ಕೆ ಹತ್ತಿರದ ಮೆಟಾಥಿಯೇಟರ್ ಎಂಬ ಮಾತನ್ನು 1963ರಲ್ಲಿ ತನ್ನ ಪುಸ್ತಕದ ಹೆಸರಾಗಿಸಿ ಬಳಕೆಗೆ ತಂದವನು ಅಮೆರಿಕದ ಲಯನೆಲ್ ಏಬಲ್. 1921ರಲ್ಲಿ ರೋಮ್ ನಗರದಲ್ಲಿ ಇಟಲಿಯ ನಾಟಕಕಾರ ಪಿರಾಂಡೆಲ್ಲೊನ ಆರು ಪಾತ್ರಗಳು ತಮ್ಮ ನಾಟಕಕಾರನನ್ನು ಹುಡುಕಿಕೊಂಡು ರಂಗಕ್ಕೆ ಬಂದಾಗ, ಇದು ಹುಚ್ಚಾಸ್ಪತ್ರೆಯೆಂದು ಪ್ರೇಕ್ಷಕರು ಕೂಗಾಡಿದರು. ನಮ್ಮ ಕಂಪನಿ ನಾಟಕಗಳ ಪ್ರೇಕ್ಷಕರಾದರೋ, ಆಗಷ್ಟೇ ಸತ್ತುಬಿದ್ದ ಪಾತ್ರವನ್ನು ‘ಒನ್ಸ್ ಮೋರ್’ ಎಂದು ಎಬ್ಬಿಸಿ, ಹಾಡಿಸಿ, ಮತ್ತೆ ಸಾಯಿಸಿ, ಎರಡನೆಯ ಸಾವಿಗೂ ಅಷ್ಟೇ ಮನಸ್ಸಿಟ್ಟು ಅಳುತ್ತಿದ್ದರೆಂದು ಹಿರಿಯರು ಹೇಳುವುದುಂಟು.

ಇದು ಆಟವೆಂದು ತೋರಿಸಿಬಿಟ್ಟರೆ ನೋಡುವವರ ನಂಬಿಕೆ ಮುರಿಯುತ್ತದೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಭವಭೂತಿಯ ಸಂಸ್ಕೃತ ನಾಟಕ ಉತ್ತರರಾಮಚರಿತದ ಏಳನೆಯ ಅಂಕದಲ್ಲಿ ವಾಲ್ಮೀಕಿ ರಚಿಸಿದ ನಾಟಕವನ್ನು ಅಪ್ಸರೆಯರು ಆಡುತ್ತಾರೆ. ರಾಮನು ಪ್ರೇಕ್ಷಕನಾಗಿ ಕುಳಿತು, ತಾನೇ ಕಾಡಿಗಟ್ಟಿದ ಸೀತೆಯ ಪಾಡನ್ನು ನೋಡುತ್ತಾನೆ. ಇದು ನಾಟಕವೆಂದು ಲಕ್ಷ್ಮಣ ಪಕ್ಕದಲ್ಲಿ ನೆನಪಿಸುತ್ತಾನೆ, ಆದರೂ ರಾಮ ಮೂರ್ಛೆ ಹೋಗುತ್ತಾನೆ. ನಾಟಕವೆಂದು ಬಲ್ಲವನೇ ಅಲ್ಲಿ ಹೆಚ್ಚು ನೊಂದವನು. ನಾಟ್ಯಶಾಸ್ತ್ರದ ಮೊದಲ ಅಧ್ಯಾಯವೂ ಇಂಥದೇ ಒಂದು ಗಲಾಟೆಯನ್ನು ಹೇಳುತ್ತದೆ: ದೇವತೆಗಳು ಗೆದ್ದ ಕಥೆಯನ್ನು ಆಡುತ್ತಿದ್ದಾಗ, ಸೋತವರು ತಾವೆಂದು ಸಿಟ್ಟಾದ ದೈತ್ಯರು ಪ್ರಯೋಗವನ್ನೇ ಕೆಡಿಸಿದರು, ಕೊನೆಗೆ ಬ್ರಹ್ಮನೇ ಬಂದು ನಾಟ್ಯವೆಂದರೇನೆಂದು ಅವರಿಗೆ ತಿಳಿಸಿ ಹೇಳಬೇಕಾಯಿತು. ಇದೇ ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಸಂಸ್ಕೃತ ಕಲಿಸುತ್ತಿದ್ದ ನಾಟಕಕಾರ ಶ್ರೀರಂಗರು ಆ ಗ್ರಂಥವನ್ನು ಕನ್ನಡಕ್ಕೆ ತಂದವರು.

ಅಟ್ಟವೆಂಬ ಮಾತು ಧಾರವಾಡದವರಿಗೆ ಇನ್ನೊಂದು ಅಟ್ಟವನ್ನೂ ನೆನಪಿಸುತ್ತದೆ. ಅದು ಸುಭಾಸ ರಸ್ತೆಯ ಪುಸ್ತಕ ಪ್ರಕಾಶನ ಸಂಸ್ಥೆ ಮನೋಹರ ಗ್ರಂಥಮಾಲೆಯ ಅಟ್ಟ. ಅಲ್ಲಿಂದ ಪ್ರಕಟವಾದ ಗಿರೀಶ ಕಾರ್ನಾಡರ ನಾಟಕಗಳಲ್ಲಿ ಸಾರಥಿಯ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಮರಳಿ ಕೇಳಿಸುತ್ತದೆ. ಹಯವದನದಲ್ಲಿ ಗಣಪತಿಯ ಪೂಜೆ ಮುಗಿಸಿ, ಆಟದ ಕಥೆ ಹೇಳುವ ಭಾಗವತ ಕಥೆ ಶುರುಮಾಡುವಷ್ಟರಲ್ಲಿ ನಟನೊಬ್ಬ ಹೆದರಿ ಓಡಿಬಂದು, ದಾರಿಯಲ್ಲಿ ಕುದುರೆ ಮಾತಾಡಿತೆನ್ನುತ್ತಾನೆ. ಆ ಕುದುರೆಮುಖದವನು ರಂಗಕ್ಕೇ ಬಂದಾಗ ಭಾಗವತ ಅದನ್ನು ಮುಖವಾಡವೆಂದೇ ತಿಳಿದು ಕೀಳಲು ನೋಡುತ್ತಾನೆ. ಅದು ಕೀಳಲು ಬಾರದ ಮುಖ. ಮುಖವಾಡಗಳ ನಡುವೆಯೇ ಬದುಕುವ ಮನುಷ್ಯನಿಗೆ ನಿಜವಾದ ಮುಖವೊಂದು ಎದುರಾದಾಗ ಆಗುವ ಈ ಪೇಚು ನನ್ನ ಮಟ್ಟಿಗೆ ಆ ನಾಟಕದ ಅತ್ಯಂತ ಚುರುಕಾದ ಗಳಿಗೆ.

ನಾಗಮಂಡಲದ ಆರಂಭ ಇನ್ನೂ ಬಿಗಿಯಾದದ್ದು. ಪಾಳುಬಿದ್ದ ಗುಡಿಯಲ್ಲಿ ಒಬ್ಬ ನಾಟಕಕಾರ ಕುಳಿತಿದ್ದಾನೆ. ಅವನ ನಾಟಕ ನೋಡಿದವರೆಲ್ಲ ಕುರ್ಚಿಯಲ್ಲೇ ನಿದ್ದೆ ಹೋದ ಪಾಪಕ್ಕೆ, ಆ ತಿಂಗಳಲ್ಲಿ ಒಂದು ಇಡೀ ರಾತ್ರಿ ಎಚ್ಚರವಾಗಿರದಿದ್ದರೆ ಅವನಿಗೆ ಸಾವು; ಅದೇ ಕಡೆಯ ರಾತ್ರಿ. (ಬಾನುಲಿಯಲ್ಲಿ ಭಾಷಣ ಮಾಡುವವರಿಗೆ ಇಂಥ ಶಾಪ ಇಲ್ಲದಿರುವುದು ನಮ್ಮ ಪುಣ್ಯ.) ಊರಿನ ದೀಪದ ಕುಡಿಗಳು ಅಲ್ಲಿ ಸೇರಿ ಹರಟುತ್ತವೆ, ಕಥೆಯೊಂದು ಹೆಣ್ಣಾಗಿ ಬಂದು, ಕೇಳಿದ್ದನ್ನು ಮತ್ತೊಬ್ಬರಿಗೆ ಹೇಳಲೇಬೇಕೆಂಬ ಕರಾರು ಹಾಕುತ್ತದೆ. ಅದು ಹೇಳುವ, ರಾಣಿ ಎಂಬ ಹೆಣ್ಣು ಮತ್ತು ನಾಗನ ಕಥೆ ಒಮ್ಮೆ ಮುಗಿದರೂ ಕೇಳುವವರಿಗೆ ಸಮಾಧಾನವಾಗದೆ, ನಾಗ ಸಾಯದೆ ರಾಣಿಯ ಕೂದಲಲ್ಲಿ ಉಳಿಯುವ ಮತ್ತೊಂದು ಮುಕ್ತಾಯ ಹುಟ್ಟುತ್ತದೆ. ಕಥೆಯ ಕೊನೆಯನ್ನು ಕೇಳುಗರೇ ಬದಲಿಸುತ್ತಾರೆಂಬ ಮಾತು ಇಲ್ಲಿ ಸಿದ್ಧಾಂತವಾಗಿ ಬರುವುದಿಲ್ಲ, ಒಬ್ಬನ ಪ್ರಾಣದ ಪ್ರಶ್ನೆಯಾಗಿ ಬರುತ್ತದೆ. ಕೇವಲ ಜಾಣತನಕ್ಕಾಗಿ ನಟನನ್ನು ಸಭೆಯ ನಡುವಿನಿಂದ ಎಬ್ಬಿಸಿ ಮಾತಾಡಿಸುವ ಇತ್ತೀಚಿನ ಕೆಲವು ಪ್ರಯೋಗಗಳಲ್ಲಿ ನನಗೆ ಕಾಣದೆ ಹೋಗುವುದು ಈ ತುರ್ತು.

ಬೆಳಗಾಗುತ್ತದೆ. ನಾಟಕಕಾರ ಬದುಕಿಕೊಂಡಿದ್ದಾನೆ, ಎದ್ದು ಪ್ರೇಕ್ಷಕರಿಗೆ ನಮಸ್ಕರಿಸಿ ಹೊರಟುಹೋಗುತ್ತಾನೆ. ದೊಡ್ಡಾಟಕ್ಕೂ ಮಂಗಳ ಹಾಡುವುದು ಅದೇ ಹೊತ್ತಿಗೆ. ಆಗ ರಾಜನು ಕಿರೀಟವನ್ನು ಕಂಕುಳಲ್ಲಿ ಇಟ್ಟುಕೊಂಡು, ಬಣ್ಣದ ಮುಖದಲ್ಲೇ ಎತ್ತುಗಳಿಗೆ ಮೇವು ಹಾಕಲು ಮನೆಯ ದಾರಿ ಹಿಡಿದಿರುತ್ತಾನೆ.